ಸ್ವಿಚ್ಚಿಲ್ಲದ ಕೋಣೆಯಲ್ಲಿ ಕರೆಂಟಪ್ಪ

"ಈ ಭೂಮಿ ಮೇಲೆ ನನಗೆ ತಲೆಬಾಗದ ಸ್ವಿಚ್ಚು ಇನ್ನೂ ಹುಟ್ಟಿಲ್ಲ ಕಣೇ!"

ಮೂವತ್ತೆರಡು ವರ್ಷ ಕಂಡವರ ಮನೆಗೆಲ್ಲ ವೈರಿಂಗ್ ಮಾಡಿದ ಕರೆಂಟಪ್ಪನವರು ಹೋಟೆಲಿನ ಹೊಸ್ತಿಲಲ್ಲೇ ಹೀಗೆ ಘೋಷಿಸಿದರು. ಅವರ ನಿಜ ಹೆಸರು ಹೆಂಡತಿಗೂ ರೇಷನ್ ಕಾರ್ಡ್ ನೋಡಿದಾಗಲೇ ನೆನಪಾಗುತ್ತಿತ್ತು.

ಮದುವೆಗೆ ಮೂವತ್ತು ವರ್ಷ ತುಂಬಿತೆಂದು ಅವರ ಅಕ್ಕನ ಮಗಳು ಶೋಕಿ ನಗರವೊಂದರಲ್ಲಿ ಎರಡು ದಿನ ಕೋಣೆ ಗೊತ್ತುಮಾಡಿದ್ದಳು. ಹೋಟೆಲಿನಲ್ಲಿದ್ದದ್ದು ಒಂಬತ್ತೇ ಕೋಣೆ. ಒಂದೊಂದನ್ನೂ ಒಡತಿಯೇ ಕೂತು ವಿನ್ಯಾಸ ಮಾಡಿದ್ದಳಂತೆ. ಒಳಗೆ ಕಾಲಿಟ್ಟರೆ ಬೂದು ಗೋಡೆ, ಬೂದು ಹಾಸಿಗೆ, ಬೂದು ನೆಲ. ಬೀರುವಿಗೆ ಹಿಡಿಯಿಲ್ಲ, ನಲ್ಲಿಗೆ ತಿರುಪಿಲ್ಲ, ಗೋಡೆಗೆ ಸ್ವಿಚ್ಚೇ ಇಲ್ಲ!

"ರೀ, ಕೆಳಗೆ ಹೋಗಿ ಒಂದು ಮಾತು ಕೇಳ್ಕೊಂಡು ಬನ್ನಿ."

"ಕೇಳೋದಾ? ನಾನಾ? ಮೀನಿಗೆ ಈಜು ಹೇಳ್ಕೊಡ್ತಾರೇನೇ? ಯಾವ ಕೆಲಸದಲ್ಲೂ ಆಗಲ್ಲ ಅಂತ ಕೈ ಎತ್ತಿದೋನಲ್ಲ ನಾನು!"

ಹೊಲಿಗೆ ಅಂಗಡಿ ನಡೆಸುವ ಹೆಂಡತಿ ನಿಟ್ಟುಸಿರು ಬಿಟ್ಟು ಸ್ನಾನಕ್ಕೆ ನಡೆದಳು. ಕಿಟಕಿಯಿಲ್ಲದ ಬಚ್ಚಲು. ಒಳಹೊಕ್ಕ ಕೂಡಲೇ ದೀಪ ತಾನೇ ಹತ್ತಿತು. ದೋಣಿಯಂಥ ತೊಟ್ಟಿ, ಬೆಚ್ಚನೆ ನೀರು. ಅರ್ಧ ಗಂಟೆ ನೀರಾಟದ ಸದ್ದು. ಆಮೇಲೆ ಮುಖಕ್ಕೆ ಸೋಪು ಹಚ್ಚಿ ಹಾಯಾಗಿ ಒರಗಿದಳು. ಅಷ್ಟರಲ್ಲಿ,

"ರೀ! ಲೈಟ್ ಹೋಯ್ತು! ಕಣ್ಣಲ್ಲಿ ಸೋಪು!"

"ಅಲ್ಲಾಡಬೇಡ! ಕಾಲು ಜಾರೀತು! ಇದ್ದ ಹಾಗೇ ಕೂತಿರು, ನಾನಿದ್ದೀನಿ!"

ಕರೆಂಟಪ್ಪನವರು ಗೋಡೆಯನ್ನು ಹಸುವಿನ ಮೈ ಸವರಿದಂತೆ ಸವರತೊಡಗಿದರು. ಒಂದು ಕಡೆ ಸವರಿದರೆ ಹಾಡು ಶುರುವಾಯಿತು. ಇನ್ನೊಂದು ಕಡೆ ಸವರಿದರೆ ಹಾಸಿಗೆ ಗಡಗಡ ನಡುಗಿತು. ಮೂರನೆಯ ಕಡೆ ಮುಟ್ಟಿದ್ದೇ ತಡ, ಪರದೆ ಸರ್‍ರನೆ ಸರಿದು, ಎದುರಿನ ಕಾಫಿ ಅಂಗಡಿಯ ಅಷ್ಟೂ ಗಿರಾಕಿಗಳಿಗೆ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯ ಕರೆಂಟಪ್ಪನವರ ದರ್ಶನವಾಯಿತು! ಒಬ್ಬಾಕೆ ಕೈ ಬೀಸಿದಳು. ಇವರೂ ಗಾಬರಿಯಲ್ಲಿ ಕೈ ಬೀಸಿದರು.

"ಏನ್ರೀ ಆಗ್ತಿದೆ ಅಲ್ಲಿ?"

"ಏನಿಲ್ಲ! ಫ್ಯೂಸು!"

ಟವೆಲು ಸುತ್ತಿಕೊಂಡು ಕೋಣೆಯಾಚೆಯ ಕಾರಿಡಾರಿಗೆ ಓಡಿದರು. ಅಲ್ಲಿ ಗೋಡೆಯಲ್ಲೊಂದು ಪರಿಚಿತ ತಗಡಿನ ಮುಚ್ಚಳ, ಮೇನ್ ಸ್ವಿಚ್ಚಿನದು. ಕಳೆದುಹೋದ ತಮ್ಮ ಸಿಕ್ಕಷ್ಟು ಖುಷಿ! ತೆರೆದು, ಒಮ್ಮೆ ಆರಿಸಿ ಹಾಕಿದರೆ ಸರಿಹೋದೀತೆಂದು ದೊಡ್ಡ ಸ್ವಿಚ್ಚನ್ನು ಟಕ್ಕೆಂದು ಕೆಳಗೆಳೆದರು. ಇಡೀ ಹೋಟೆಲು ಕತ್ತಲಾಯಿತು. ಲಿಫ್ಟಿನೊಳಗಿಂದ ಹೆಣ್ಣುದನಿಯೊಂದು ಚೀರಿತು.

ಕರೆಂಟಪ್ಪನವರು ಬೆದರಿ ಸ್ವಿಚ್ಚನ್ನು ಮತ್ತೆ ಮೇಲೆತ್ತಿದರು. ಲಿಫ್ಟು ಬಂದು ನಿಂತು ಬಾಗಿಲು ತೆರೆದರೆ ಒಳಗೆ ಹೂಗುಚ್ಛ ಹಿಡಿದ ಒಡತಿ! ದಂಪತಿಗೆ ಶುಭ ಹೇಳಲು ಬರುತ್ತಿದ್ದವಳ ಮುಖ ಅವಳದೇ ಗೋಡೆಯ ಬಣ್ಣಕ್ಕೆ ತಿರುಗಿತ್ತು.

"ಮೇನ್ ಆಫ್ ಮಾಡಿದ್ದು ಯಾರು?"

"ನಾನೇ ತಾಯಿ. ತಪ್ಪಾಯ್ತು. ಬಚ್ಚಲ ದೀಪ ಹೋಗಿತ್ತು, ಒಳಗೆ ನನ್ನ ಹೆಂಡತಿ..."

ಟವೆಲಿನ ಗಂಟು ಹಿಡಿದು ನಿಂತಿದ್ದ ಮುದುಕನನ್ನು ನೋಡಿ ಒಡತಿಯ ಕೋಪ ಇಳಿಯಿತು. "ಅದು ಹೋಗಿರಲಿಲ್ಲ ಅಂಕಲ್. ಒಳಗಿದ್ದವರು ಸ್ವಲ್ಪ ಹೊತ್ತು ಅಲ್ಲಾಡದೆ ಇದ್ರೆ, ಯಾರೂ ಇಲ್ಲ ಅಂತ ತಾನೇ ಆರುತ್ತೆ. ಸುಮ್ನೆ ಕೈ ಎತ್ತಿದ್ರೆ ಸಾಕಿತ್ತು."

"ಇವರಾ? ಕೈ ಎತ್ತೋದಾ?" ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಸೋಪಿಗೆ ಕೆಂಪಾಗಿದ್ದರೂ ತುಟಿಯಲ್ಲಿ ನಗು. "ನೋಡಮ್ಮಾ, ಮದುವೆಯಾದ ಮೂವತ್ತು ವರ್ಷದಲ್ಲಿ ಇವತ್ತೇ ನಾನು ಕೂತಲ್ಲಿ ಅಲ್ಲಾಡದೆ ಕೂತಿದ್ದು. ದೀಪಕ್ಕೂ ಸಹಿಸೋಕಾಗಲಿಲ್ಲ, ಸತ್ತೇಹೋದಳು ಅಂದ್ಕೊಂಡು ಆರಿಬಿಡ್ತು!"

ಒಡತಿ ಬಿದ್ದು ಬಿದ್ದು ನಕ್ಕಳು. ಕರೆಂಟಪ್ಪನವರಿಗೆ ನಗು ಬರಲಿಲ್ಲ. ಬೆಳಗಿನ ಕಾಫಿಯಿಂದ ಹಿಡಿದು ತಮ್ಮ ಅಂಗಿಯ ಗುಂಡಿಯವರೆಗೆ ಅವಳು ಓಡಾಡಿದ್ದೆಲ್ಲ ಕಣ್ಣ ಮುಂದೆ ಸುಳಿದು, ಶಾಕ್ ಹೊಡೆದಂತಾಯಿತು.

"ಹೋಗೇ, ಇನ್ನೊಂದು ಗಂಟೆ ಕೂತ್ಕೋ," ಎಂದರು ಮೆಲ್ಲಗೆ.

"ದೀಪ ಆರಿದ್ರೆ?"

ಕರೆಂಟಪ್ಪನವರು ಬಚ್ಚಲ ಮೂಲೆಗೆ ಒಂದು ಮಣೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂತು, ಎರಡೂ ಕೈ ಮೇಲೆತ್ತಿ ಬೀಸತೊಡಗಿದರು.

ಹಿಂದಿನಿಂದ ಸುಖವಾದ ದನಿಯೊಂದು ತೇಲಿಬಂತು: "ಸ್ವಲ್ಪ ಜೋರಾಗಿ ಬೀಸ್ರೀ, ಗಾಳಿನೂ ಬರಲಿ!"