ಟಿ.ವಿ. ಹೊತ್ತ ತೆಳ್ಳನೆ ಗೋಡೆಯವರಿಗೆ

ನಮ್ಮ ಮನೆಬಸ್ಸಿನ ನಡುವೆ ನಿಂತಿರುವ ಪ್ಲೈವುಡ್ ಗೋಡೆಯವರಾದ ಮಾನ್ಯರೇ, ಕಟ್ಟಾಯದ ಬೈರಮ್ಮ ಮಾಡುವ ಶರಣು ಶರಣಾರ್ಥಿ.

ಈವತ್ತು ಶನಿವಾರ, ನನಗೆ ಒಪ್ಪತ್ತು. ಬೆಳಗ್ಗೆ ಎದ್ದು ಬಸ್ಸಿನ ಮೆಟ್ಟಿಲು ತೊಳೆದು, ಅದರ ಮುಂದೆ ರಂಗೋಲಿ ಬಿಟ್ಟು, ಪಾತ್ರೆ ಬೆಳಗಿ, ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಬಸ್ಸು ನಿಂತಿರುವುದು ಹಿರೀಸಾವೆಯ ಹೋಟೆಲೊಂದರ ಹಿಂದೆ. ಅಲ್ಲಿಯ ಒಗ್ಗರಣೆ ವಾಸನೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದರೂ, ಉಪವಾಸದ ದಿನ ಸುಳ್ಳು ಬರೆಯುವ ಭಯವಿಲ್ಲವೆಂದು ಈ ದಿನವನ್ನೇ ಆರಿಸಿಕೊಂಡೆ.

ನಮ್ಮ ಯಜಮಾನರಾದ ನಟರಾಜ್ ಅವರು ಪುಣ್ಯಕ್ಷೇತ್ರ ಸುತ್ತಲು ಅನುಕೂಲವಾಗಲೆಂದು ಹಳೇ ಮಿನಿಬಸ್ಸಿನ ಸೀಟು ಕಿತ್ತು ಮನೆ ಮಾಡಿದಾಗ, ಮುಂದೆ ಹಾಸಿಗೆ, ಹಿಂದೆ ನನ್ನ ಒಲೆ ಮತ್ತು ದೇವರು ಎಂದು ಭಾಗ ಮಾಡಿ ನಡುವೆ ನಿಮ್ಮನ್ನು ನಿಲ್ಲಿಸಿದರು. ತಾವು ನಾನು ತಟ್ಟುವ ಅಕ್ಕಿರೊಟ್ಟಿಗಿಂತ ಒಂದು ಕೂದಲು ದಪ್ಪವೆಂದು ನಾನು ಆಗಲೇ ಹೇಳಿದ್ದೆ. ಆದರೂ ಅವರು ಹಾಸನದಿಂದ ದೊಡ್ಡ ಟಿ.ವಿ. ತಂದು, "ಗ್ವಾಡೆ ಅಂದ್ರೆ ಗ್ವಾಡೆ ಕಣೆ, ಸುಮ್ಕಿರು" ಎಂದು ಇಟ್ಟಿಗೆ ಗೋಡೆಗೆ ಹಾಕುವ ಉದ್ದನೆ ಸ್ಕ್ರೂಗಳನ್ನೇ ನಿಮಗೆ ತಿರುಗಿಸಿದರು. ತಾವು ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಿದ್ದಿರಿ. ಸ್ಕ್ರೂ ಮೊನೆಗಳು ಮನೆದೇವರ ಪಟದ ಪಕ್ಕದಲ್ಲಿ ಇಣುಕಿದವು. ಚನ್ನರಾಯಪಟ್ಟಣದ ರಸ್ತೆಯ ಮೊದಲ ಉಬ್ಬಿಗೇ ಟಿ.ವಿ. ಕಳಚಿ ಹಾಸಿಗೆಯ ಮೇಲೆ ಮಲಗಿತು. ಒಡೆಯದೆ ಉಳಿದದ್ದು "ನನ್ ಪುಣ್ಯ" ಎಂದು ಯಜಮಾನರು ಹೇಳುತ್ತಾರೆ. ಹಾಸಿಗೆ ಮಡಿಸದ ಮಗಳು ಮಾನಸಾಳ ಸೋಮಾರಿತನದಿಂದ ಎಂದು ನಾನು ಹೇಳುತ್ತೇನೆ.

ಆಮೇಲೆ ಹಳೇಕೋಟೆಯ ಬಡಗಿ ಮಂಚಯ್ಯನವರು ನಿಮ್ಮನ್ನು ಬೆರಳಲ್ಲಿ ಕುಟ್ಟಿ ನೋಡಿ, "ಇದ್ರ ಬೆನ್ನಿಗೊಂದು ಗಟ್ಟಿ ಅಲ್ಗೆ ಕೊಟ್ಟು ಬೋಲ್ಟು ಬಿಗೀಬೇಕು ಕಣಕ್ಕ" ಎಂದರು. ಹಲಗೆಗೆಂದು ಬಸ್ಸೆಲ್ಲ ಹುಡುಕಿದವರ ಕಣ್ಣಿಗೆ ಬಿದ್ದದ್ದು, ನಾನು ಕೂತು ಪೂಜೆ ಮಾಡುವ ಅಗಲವಾದ ಹಲಸಿನ ಮಣೆ. ಅದು ನಮ್ಮ ಮದುವೆಯ ಹಸೆಮಣೆ, ಮಾನ್ಯರೇ. ಅದರ ಮೇಲೆ ಯಜಮಾನರು ನನ್ನ ಜೊತೆ ಕೂತದ್ದು ಆ ಒಂದು ದಿನ. ಮಿಕ್ಕ ಇಪ್ಪತ್ತೆಂಟು ವರ್ಷ ನಾನೊಬ್ಬಳೇ. ಕರೆದಾಗೆಲ್ಲ, "ನೀನ್ ಮಾಡಿದ್ರೆ ನಂಗೂ ಸೇರ್ತದೆ ಬುಡು" ಎನ್ನುತ್ತಿದ್ದರು.

ಈಗ ಟಿ.ವಿ., ತಾವು, ಮಣೆ ಮೂವರನ್ನೂ ನಾಲ್ಕು ಬೋಲ್ಟುಗಳು ಒಂದುಮಾಡಿವೆ, ನನಗೆ ಕೂರಲು ಮಡಿಸಿದ ಗೋಣಿಚೀಲವಿದೆ. ಇದೇ ನನ್ನ ದೂರು. ನನ್ನ ಕಡೆ ಚಾಚಿಕೊಂಡಿರುವ ಬೋಲ್ಟುಗಳಿಗೆ ಗಂಟೆ, ಹೂಬುಟ್ಟಿ, ಪಂಚಾಂಗ, ಅರಿಶಿನದ ಡಬ್ಬಿ ನೇತುಹಾಕಿ ಸೇಡು ತೀರಿಸಿಕೊಂಡಿದ್ದೇನೆ.

ಆದರೆ ತಮ್ಮನ್ನು ಹೊಗಳದೆಯೂ ಇರಲಾರೆ. ರಸ್ತೆಯ ಕುಲುಕಾಟಕ್ಕೆ ನಟ್ಟುಗಳು ದಿನಾ ಸಡಿಲವಾಗುತ್ತವೆ. ನಟ್ಟುಗಳಿರುವುದು ದೇವರ ಕಡೆ. ಸ್ನಾನವಾಗದೆ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಹೀಗಾಗಿ ಯಜಮಾನರು ಬೆಳಗಿನ ಚಳಿಯಲ್ಲಿ ಮಿಂದು, ತೊಳೆದ ಸ್ಪ್ಯಾನರ್ ಹಿಡಿದು ದೇವರ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಾರೆ. ನಟ್ಟಿಗೆ ಕೈ ಹಾಕಬೇಕಾದರೆ ಗಂಟೆ ತೆಗೆಯಬೇಕು, ತೆಗೆದರೆ ಬಾರಿಸಿದಂತೆಯೇ. ಮೊನ್ನೆ ನಾನು ಹೇಳದೆಯೇ ಮಂಗಳಾರತಿ ಕಣ್ಣಿಗೊತ್ತಿಕೊಂಡರು. ಇಪ್ಪತ್ತೆಂಟು ವರ್ಷ ನನ್ನಿಂದಾಗದ್ದನ್ನು ತಾವು ಮೂರು ವಾರದಲ್ಲಿ ಮಾಡಿದಿರಿ.

ಅಷ್ಟರಲ್ಲಿ ಮಂಚಯ್ಯನವರು ಫೋನಿನಲ್ಲಿ, "ಸ್ಪ್ರಿಂಗ್ ವಾಷರ್ ಆಕ್ಬುಟ್ರೆ ನಟ್ಟು ಸಡ್ಲಾಗಲ್ಲ, ಆಮ್ಯಾಕೆ ಮುಟ್ಟಂಗೇ ಇಲ್ಲ" ಎಂದುಬಿಟ್ಟಿದ್ದಾರೆ. ಯಜಮಾನರು ನಿನ್ನೆಯೇ ನಾಲ್ಕು ತಂದಿದ್ದಾರೆ, ನಾಳೆ ಹಾಕುತ್ತಾರಂತೆ. ಆದ್ದರಿಂದ ತಾವು ಯಾವ ವಾಷರಿಗೂ ಮಣಿಯದೆ, ದಿನಕ್ಕೊಂದು ಸುತ್ತು, ಶನಿವಾರ ಎರಡು ಸುತ್ತು, ಹಬ್ಬಗಳಲ್ಲಿ ತಮ್ಮ ಔದಾರ್ಯವಿದ್ದಷ್ಟು ಸಡಿಲವಾಗಬೇಕೆಂದು ಬೇಡುತ್ತೇನೆ. ಟಿ.ವಿ. ಮಾತ್ರ ಬೀಳಬಾರದು. ಮಾನಸಾ ಈಗೀಗ ದಿನಾ ಹಾಸಿಗೆ ಮಡಿಸುತ್ತಾಳೆ. ಮೇಲಾಗಿ ಸಂಜೆ ಏಳರ ಧಾರಾವಾಹಿ ನನಗೂ ಬೇಕು.

ಒಪ್ಪಿಗೆಯಿದ್ದರೆ ಒಮ್ಮೆ ಕಿರ್ ಎನ್ನಿ. ಒಲೆಯ ಸದ್ದಿನಲ್ಲಿ ನನಗೆ ಕೇಳಿಸದು. ತಮ್ಮ ಆ ಕಡೆ ಕೂತಿರುವ ಮಾನಸಾ ಟಿ.ವಿ. ಆರಿಸಿ, ಕಿವಿಗೊಟ್ಟು, ತಮ್ಮ ಉತ್ತರವನ್ನು ನನಗೆ ತಂದು ಮುಟ್ಟಿಸಲಿ.

ತಮ್ಮ ಬೆನ್ನ ಹಿಂದಿನ ವಿಶ್ವಾಸಿ,
ಬೈರಮ್ಮ

ತಾ.ಕ.: ಆ ನಾಲ್ಕು ವಾಷರುಗಳು ಬೆಳಗ್ಗೆಯಿಂದ ಕಾಣೆಯಾಗಿ ಯಜಮಾನರು ಬಸ್ಸಿನ ಕೆಳಗೆಲ್ಲ ತೆವಳಿ ಹುಡುಕುತ್ತಿದ್ದಾರೆ. ಬಸ್ಸು ಹೊರಟಾಗ ತಮ್ಮ ಮೇಲಿರುವ ಅರಿಶಿನದ ಡಬ್ಬಿ ಗಲಗಲ ಎನ್ನದಂತೆ ದಯವಿಟ್ಟು ಹಿಡಿದುಕೊಳ್ಳಿ.