ಚಿಕ್ಕಪ್ಪನಿಗೆ ಬಂದ ಜಪಾನಿನ ಸೂತಕ

ನಮ್ಮ ಚಿಕ್ಕಪ್ಪನಿಗೆ ಈ ಭೂಮಿಯ ಮೇಲೆ ಒಂಬತ್ತು ಜನ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆ. ಆ ಒಂಬತ್ತರಲ್ಲಿ ನಮ್ಮಪ್ಪ ಇಲ್ಲ. ಸ್ವಂತ ಅಣ್ಣನನ್ನು ಬಿಟ್ಟು ಒಂಬತ್ತು ಜನ ಎಲ್ಲಿಂದ ಬಂದರು ಎಂದು ನಿಮಗೆ ತಲೆ ಕೆಟ್ಟಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಟ್ಟು ಬಹಳ ದಿನವಾಯಿತು. ನಾನು ಮಾಲೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಬೀಜಗಣಿತದಲ್ಲಿ ಎಕ್ಸ್ ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳಬಲ್ಲೆ. ಬ್ರೆಜಿಲ್ ದೇಶದ ಆಂಬುಲೆನ್ಸ್ ಡ್ರೈವರ್ ನನಗೆ ಏನಾಗಬೇಕು ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಚಿಕ್ಕಪ್ಪನ ಪ್ರಕಾರ ಅವನೂ ನನಗೆ ಚಿಕ್ಕಪ್ಪನೇ.

ವಿಷಯ ಮೊದಲಿನಿಂದ ಹೇಳುತ್ತೇನೆ. ಲಕ್ಕೂರಿನ ಹತ್ತಿರ ನಮ್ಮ ಊರು. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಒಂದು ಪಟ್ಟಿ ಗೆಣಸು, ಮನೆಯ ಹಿಂದೆ ರೇಷ್ಮೆ ಹುಳದ ಮನೆ. ಆ ಹುಳದ ಮನೆಯ ಯಜಮಾನ ಚಿಕ್ಕಪ್ಪ. ವಯಸ್ಸು ನಲವತ್ತೈದು. ಮದುವೆಯಾಗಿಲ್ಲ, ಯಾಕಾಗಿಲ್ಲ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಬೆಳಗಿನ ಸೊಪ್ಪು ಹಾಕಿ ಕೈ ತೊಳೆದನೆಂದರೆ ನಡುಮನೆಯ ಟೀವಿ ಅವನದು. ಅದಕ್ಕೊಂದು ಪೆಟ್ಟಿಗೆ ಸಿಕ್ಕಿಸಿ, ಗುಂಡಿಗಳಿರುವ ಹಿಡಿಯೊಂದನ್ನು ಕೈಯಲ್ಲಿ ಹಿಡಿದು, ಇಂಟರ್‌ನೆಟ್ಟಿನಲ್ಲಿ ದೇಶವಿದೇಶದವರ ಜೊತೆ ಬಡಿದಾಡುತ್ತಾನೆ. ಬಡಿದಾಟದ ವಿಡಿಯೋ ಗೇಮ್ ಅದು. ಅದರೊಳಗೆ ಮೂವತ್ತು ಜನ ಜಟ್ಟಿಗಳಿದ್ದಾರೆ, ಬೇಕಾದವರನ್ನು ಆರಿಸಿಕೊಳ್ಳಬಹುದು. ಬೆಂಕಿ ಉಗುಳುವವನಿದ್ದಾನೆ, ಗಾಳಿಯಲ್ಲಿ ಲಾಗ ಹಾಕುವವಳಿದ್ದಾಳೆ, ಎಮ್ಮೆಯನ್ನು ಎತ್ತಿ ಎಸೆಯುವಂಥ ಮೈಕಟ್ಟಿನವನಿದ್ದಾನೆ. ಇವರನ್ನೆಲ್ಲ ಬಿಟ್ಟು ನಮ್ಮ ಚಿಕ್ಕಪ್ಪ ಆರಿಸಿಕೊಂಡಿರುವುದು ಯಾರನ್ನು? ಬೆನ್ನು ಬಾಗಿದ ಒಬ್ಬ ಮುದುಕಿಯನ್ನು! ಅವಳಿಗೆ ಓಡಲು ಬಾರದು, ಹಾರಲು ಬಾರದು. ಕೋಲೂರಿಕೊಂಡು ನಿಂತಿರುತ್ತಾಳೆ. ಹತ್ತಿರ ಬಂದವರಿಗೆ ಆ ಕೋಲಿನಿಂದ ಒಂದು ಬಿಡುತ್ತಾಳೆ, ಅಷ್ಟೇ.

ಮೊದಲ ಸಲ ಅವಳನ್ನು ಟೀವಿಯಲ್ಲಿ ನೋಡಿದಾಗ ನಮ್ಮಜ್ಜಿ ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು.

“ಯಾರೋ ಇವಳು, ನನ್ನಂಗೇ ಕೋಲೂರ್ಕೊಂಡು, ಮಂಡಿ ಹಿಡ್ಕೊಂಡು ನಡೀತಾಳೆ?”

“ಅದಕ್ಕೇ ಕಣಮ್ಮ ಇವಳನ್ನ ಇಟ್ಕೊಂಡಿರೋದು,” ಎಂದ ಚಿಕ್ಕಪ್ಪ.

“ಅಂಥೋಳನ್ನ ಹೊಡೆದಾಡಕ್ಕೆ ಬಿಡ್ತಾರೇನೋ ನಾಯ್ನಾ? ಒಂದು ಕಡೆ ಕೂರಿಸಿ ಕಾಫಿ ಕೊಡಬಾರ್ದಾ?”

ಆ ಮುದುಕಿಯನ್ನು ಆಡಿ ಗೆಲ್ಲುವುದು ಬಲು ಕಷ್ಟವಂತೆ. ಹಾಗಾಗಿ ಪ್ರಪಂಚದಲ್ಲಿ ಅವಳನ್ನೇ ನಂಬಿ ಪಂದ್ಯಕ್ಕೆ ಇಳಿಯುವ ಹೆಸರಾಂತ ಆಟಗಾರರು, ಚಿಕ್ಕಪ್ಪನನ್ನೂ ಸೇರಿಸಿ, ಹತ್ತೇ ಜನ. ಅವರ ಪಟ್ಟಿ ಹುಳದ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿದೆ. ಬ್ರೆಜಿಲಿನ ಆಂಬುಲೆನ್ಸ್ ಡ್ರೈವರ್ ಬಹಳ ಆತುರದವನು, ಮುದುಕಿಯನ್ನು ಓಡಿಸಲು ಹೋಗಿ ಎಡವುತ್ತಾನೆ. ಫ್ರಾನ್ಸಿನಲ್ಲಿ ಬ್ರೆಡ್ ಸುಡುವ ಹೆಂಗಸೊಬ್ಬಳಿದ್ದಾಳೆ, ಅವಳ ಕೋಲಿನೇಟು ಅಳತೆ ತಪ್ಪಿದ್ದೇ ಇಲ್ಲ. ಎಲ್ಲರಿಗಿಂತ ಹಿರಿಯ ಜಪಾನಿನವನು. ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದು ನಿವೃತ್ತನಾದವನು. ಚಿಕ್ಕಪ್ಪನ ಬಾಯಲ್ಲಿ ಅವನು ದೊಡ್ಡಣ್ಣ. ಒಬ್ಬಳೇ ಮುದುಕಿಯನ್ನು ನಂಬಿದವರೆಲ್ಲ ಒಬ್ಬಳೇ ತಾಯಿಯ ಮಕ್ಕಳು, ಆದ್ದರಿಂದ ಒಂದೇ ಕುಲ ಎನ್ನುವುದು ಚಿಕ್ಕಪ್ಪನ ಸಿದ್ಧಾಂತ. ನಗಬೇಡಿ, ಅವನು ನಗುವುದಿಲ್ಲ.

ಅಜ್ಜಿಗೆ ಯಾರ ಹೆಸರು ಕಿವಿಗೆ ಬಿದ್ದರೂ ಮೊದಲು ಕೇಳುವುದು ಒಂದೇ ಪ್ರಶ್ನೆ, “ಯಾರ ಪೈಕಿ?” ಮನೆಗೆ ಮೀಟರ್ ನೋಡಲು ಬಂದವರನ್ನೂ ಬಿಟ್ಟಿಲ್ಲ. ಚಿಕ್ಕಪ್ಪ ದೊಡ್ಡಣ್ಣನ ಸುದ್ದಿ ಎತ್ತಿದಾಗಲೆಲ್ಲ ಅವರು ಕೇಳುತ್ತಿದ್ದರು, “ಅವನು ಯಾರ ಪೈಕಿನೋ?” ಚಿಕ್ಕಪ್ಪ ಟೀವಿಯ ಕಡೆ ಕೈ ತೋರಿಸಿ, “ಇವಳ ಪೈಕಿ ಕಣಮ್ಮ,” ಎನ್ನುತ್ತಿದ್ದ. ಅಜ್ಜಿ ಟೀವಿ ನೋಡಿ, ಮಗನನ್ನು ನೋಡಿ, ಮತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಈಗ ಮದುವೆಯ ವಿಷಯ. ಶ್ರೀನಿವಾಸಪುರದ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಮಾವಿನ ತೋಟದವರು, ಹೆಣ್ಣು ಬಿ.ಎ. ಓದಿದ್ದಳು. ಉಪ್ಪಿಟ್ಟು ಕೇಸರಿಬಾತು ಮುಗಿದು ಮಾತು ಗಟ್ಟಿಯಾಗುವ ಹೊತ್ತಿಗೆ ಹೆಣ್ಣಿನ ಅಣ್ಣನ ಕೋಣೆಯಲ್ಲಿ ಚಿಕ್ಕಪ್ಪನಿಗೆ ಅದೇ ಪೆಟ್ಟಿಗೆ ಕಂಡಿತು. “ಯಾರನ್ನ ಆಡ್ತೀರಿ?” ಎಂದು ಕೇಳಿದ. ಆ ಪುಣ್ಯಾತ್ಮ, “ನಿಮ್ಮ ಆಟ ನೋಡಿ ನಾನೂ ಮುದುಕೀನೇ ಹಿಡ್ಕೊಂಡಿದ್ದೀನಿ ಭಾವ,” ಎಂದುಬಿಟ್ಟ. ಚಿಕ್ಕಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. ಹುಡುಗಿಯ ಅಣ್ಣ ತನಗೆ ತಮ್ಮನಾದ ಮೇಲೆ ಹುಡುಗಿ ತಂಗಿಯಾಗಲೇಬೇಕಲ್ಲ? ಒಂದೇ ಕುಲದಲ್ಲಿ ಹೆಣ್ಣು ತರುವುದು ನಮ್ಮಲ್ಲಿ ಉಂಟೇ? ಆ ಹುಡುಗ ಮುಂದಿನ ತಿಂಗಳೇ ಮುದುಕಿಯನ್ನು ಬಿಟ್ಟು ಬೆಂಕಿ ಉಗುಳುವವನನ್ನು ಹಿಡಿದ. ಅಷ್ಟರಲ್ಲಿ ಹುಡುಗಿಗೆ ಬೇರೆ ಕಡೆ ತಾಂಬೂಲವಾಗಿತ್ತು.

ಕೋಲಾರದಲ್ಲಿ ನಡೆದದ್ದು ಇನ್ನೂ ಸೊಗಸು. ಅಲ್ಲಿನ ಪಂದ್ಯದ ಕೊನೆಯ ಸುತ್ತಿಗೆ ಚಿಕ್ಕಪ್ಪ ಬಂದ. ಎದುರಿಗೆ ಕೂತವನು ಮುಳಬಾಗಿಲಿನ ಟೈಲರ್ ಭಾಯಿ. ಅವನ ಆಟದ ಹೆಸರು ಮಾತ್ರ ಗೋಡೆಯ ಪಟ್ಟಿಯಲ್ಲಿತ್ತು, ಮುಖ ನೋಡಿದ್ದು ಅವತ್ತೇ ಮೊದಲು. ಇವನೂ ಮುದುಕಿಯನ್ನು ಆರಿಸಿಕೊಂಡ, ಅವನೂ ಮುದುಕಿಯನ್ನು ಆರಿಸಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕೈಯಲ್ಲಿದ್ದ ಹಿಡಿ ಕೆಳಗಿಟ್ಟರು. ಅಣ್ಣತಮ್ಮಂದಿರು ಬಹುಮಾನದ ಕಪ್ಪಿಗಾಗಿ ತಾಯಿಯ ಕೈಯಲ್ಲಿ ತಾಯಿಗೇ ಹೊಡೆಸುವುದೇ? ಆಡಿಸುವವರು ನಿಯಮದ ಪುಸ್ತಕ ತಿರುವಿ ತಿರುವಿ ಸುಸ್ತಾದರು. ಕೊನೆಗೆ ಒಂದು ಕಪ್ಪನ್ನು ಇಬ್ಬರಿಗೂ ಕೊಟ್ಟು ಕಳಿಸಿದರು. ಅದು ಈಗಲೂ ಆರು ತಿಂಗಳು ನಮ್ಮ ಮನೆಯಲ್ಲಿ, ಆರು ತಿಂಗಳು ಮುಳಬಾಗಿಲಿನಲ್ಲಿ ಇರುತ್ತದೆ.

ಅಪ್ಪ ಕೇಳಿದರು, “ಹಂಗಾದ್ರೆ ಪ್ರತಿ ಭಾನುವಾರ ಆ ಜಪಾನಿನವನ ಜೊತೆ ಹೊಡೆದಾಡ್ತೀಯಲ್ಲ, ಅದೇನೋ?”

“ಅದು ಹೊಡೆದಾಟ ಅಲ್ಲಣ್ಣ, ಪಾಠ.”

ಪಾಠ ಎನ್ನುವುದು ನಿಜ. ಆ ಹಿರಿಯನಿಗೆ ಕನ್ನಡ ಬಾರದು, ತೆಲುಗು ಬಾರದು. ಇವನಿಗೆ ಜಪಾನಿ ಬಾರದು. ಭಾನುವಾರ ಬೆಳಗ್ಗೆ ಸೊಪ್ಪು ಹಾಕಿ ಬಂದು ಚಿಕ್ಕಪ್ಪ ಕೂತರೆ, ಅಲ್ಲಿ ಅವನೂ ಕೂತಿರುತ್ತಿದ್ದ. ಟೀವಿಯಲ್ಲಿ ಎರಡು ಮುದುಕಿಯರು ಎದುರುಬದುರು ನಿಂತು ಮೂರು ಸಲ ಬಗ್ಗಿ ಮೂರು ಸಲ ಏಳುತ್ತಿದ್ದರು. ಅದೇ ನಮಸ್ಕಾರ. ಆಟ ಮುಗಿದ ಮೇಲೆ ಮತ್ತೆ ಮೂರು ಸಲ. ಆರು ವರ್ಷ ಅವರಿಬ್ಬರ ನಡುವೆ ಇದ್ದ ಮಾತೆಂದರೆ ಇಷ್ಟೇ. ಕಾಯುವುದನ್ನು ದೊಡ್ಡಣ್ಣ ಕಲಿಸಿದ ಎಂದು ಚಿಕ್ಕಪ್ಪ ಹೇಳುತ್ತಾನೆ. ನನಗೇನೋ ಅದು ಅವನಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಪೊರೆ ಬಿಡುವ ಮುಂಚೆ ಹುಳ ತಲೆ ಎತ್ತಿ ಸುಮ್ಮನೆ ಕೂರುತ್ತದೆ, ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಚಿಕ್ಕಪ್ಪನ ಮುದುಕಿಯೂ ಹಾಗೆಯೇ ಕೂತಿರುತ್ತಾಳೆ.

ಅಂತೂ ಕಾದು ಕಾದು, ಬೆಂಗಳೂರಿನ ದೊಡ್ಡ ಪಂದ್ಯಕ್ಕೆ ಚಿಕ್ಕಪ್ಪ ಆಯ್ಕೆಯಾದ. ಮುದುಕಿಯನ್ನು ಹಿಡಿದು ಅಲ್ಲಿಯವರೆಗೆ ಹೋದವರು ಇರಲಿಲ್ಲ. ಅಜ್ಜಿ ತಾನೂ ಬರುತ್ತೇನೆ ಎಂದರು. ಹಸಿರು ರೇಷ್ಮೆ ಸೀರೆ ಉಟ್ಟು ಬಾಡಿಗೆ ಕಾರಿನೊಳಗೆ ಕೂತೂ ಆಗಿತ್ತು. ಚಿಕ್ಕಪ್ಪ ಮೊಬೈಲು ನೋಡುತ್ತ ಹೊರಗೆ ಬಂದವನು ಬಾಗಿಲಲ್ಲೇ ನಿಂತ. ಮೊಬೈಲನ್ನು ನನ್ನ ಕೈಗೆ ಕೊಟ್ಟು ಸೀದಾ ಬಚ್ಚಲಿಗೆ ಹೋಗಿ, ಹಾಕಿದ್ದ ಹೊಸ ಅಂಗಿಯ ಸಮೇತ ತಲೆಯ ಮೇಲೆ ನೀರು ಸುರಿದುಕೊಂಡ.

ದೊಡ್ಡಣ್ಣ ತೀರಿಕೊಂಡಿದ್ದ. ಫ್ರಾನ್ಸಿನ ಹೆಂಗಸು ತಿಳಿಸಿದ್ದಳು.

“ನನಗೆ ಸೂತಕ,” ಎಂದ ಚಿಕ್ಕಪ್ಪ. “ಹನ್ನೊಂದು ದಿನ ಆಡೋ ಹಂಗಿಲ್ಲ.”

ಕಾರು ವಾಪಸ್ಸು ಹೋಯಿತು. ಅಪ್ಪನಿಗೆ ಶುರುವಾದ ಗೊಂದಲ ಮಾತ್ರ ಎಲ್ಲಿಗೂ ಹೋಗಲಿಲ್ಲ. ತಮ್ಮನಿಗೆ ಸೂತಕವಾದರೆ ಅಣ್ಣನಿಗೂ ಸೂತಕವೇ ತಾನೇ? ಹಾಗಾದರೆ ದೇವರ ದೀಪ ಹಚ್ಚುವಂತಿಲ್ಲ, ಶುಭಕಾರ್ಯಕ್ಕೆ ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೈಲಿಗೆಯವರು ಹುಳದ ಮನೆಗೆ ಕಾಲಿಡುವಂತಿಲ್ಲ. ಒಳಗೆ ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದಿತ್ತು. ಹಾಗೆ ಎದ್ದ ಹುಳದ ಹಸಿವನ್ನು ನೀವು ನೋಡಬೇಕು, ಹಾಕಿದ ಸೊಪ್ಪು ಹಿಂದೆ ತಿರುಗಿ ನೋಡುವಷ್ಟರಲ್ಲಿ ಕಡ್ಡಿಯಾಗಿರುತ್ತದೆ. ಇಡೀ ಮನೆಗೆ ಸೂತಕ ಹಿಡಿದರೆ ಅವು ಉಪವಾಸ ಸಾಯುತ್ತವೆ. ಹಿಡಿಯುವುದಿಲ್ಲ ಎಂದರೆ ಚಿಕ್ಕಪ್ಪ ಸುಳ್ಳುಗಾರನಾಗುತ್ತಾನೆ. ಅಪ್ಪ ಜಗಲಿಯ ಮೇಲೆ ಕೂತು ತುಂಬಾ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

“ಆ ಮುದುಕಿ ಕಡೆಯಿಂದ ಬಂದಿರೋ ಸೂತಕ ಇವನೊಬ್ಬನಿಗೆ. ನಮ್ಮಮ್ಮನ ಕಡೆಯಿಂದ ನಮಗೆಲ್ಲ ಇಲ್ಲ. ಹೋಗಿ ಸೊಪ್ಪು ಹಾಕ್ರಿ.”

ಹಾಗೆ ಹುಳ ಗೂಡು ಕಟ್ಟುವವರೆಗೆ ಸೊಪ್ಪು ಕೊಯ್ದವರು, ಹೊತ್ತವರು, ಹಾಕಿದವರು ನಾನು ಮತ್ತು ಅಮ್ಮ. ಚಿಕ್ಕಪ್ಪ ಹೊರಗಿನ ಕಲ್ಲಿನ ಮೇಲೆ ಕೂತು, “ಆ ಮೂಲೇಲಿ ಸಾಲ್ದು, ಇನ್ನೊಂದು ಹಿಡಿ ಹಾಕಮ್ಮ,” ಎಂದು ಹೇಳುತ್ತಿದ್ದ. ಅಜ್ಜಿ ಮಾತ್ರ ಅವನ ಪಕ್ಕದಲ್ಲಿ ಕೂತು ಅದನ್ನೇ ಕೇಳುತ್ತಿದ್ದರು. “ಅಲ್ಲ ನಾಯ್ನಾ, ಅಷ್ಟು ದೂರದೋನು. ಯಾರ ಪೈಕಿ ಅವನು?” ಈ ಸಲ ಚಿಕ್ಕಪ್ಪ ಟೀವಿಯ ಕಡೆ ಕೈ ತೋರಿಸಲಿಲ್ಲ.

ವರ್ಷ ತಿರುಗಿ ಪಿತೃಪಕ್ಷ ಬಂತು. ಮನೆಯಲ್ಲಿ ಸತ್ತವರಿಗೆಲ್ಲ ಎಲೆ ಹಾಕಿ ಎಡೆ ಇಡುತ್ತೇವೆ. ಅವರವರಿಗೆ ಏನು ಇಷ್ಟವಿತ್ತೋ ಅದನ್ನು ಬಡಿಸಲೇಬೇಕು. ತಾತನ ಎಲೆಗೆ ಬೀಡಿ ಕಟ್ಟು, ಮುತ್ತಜ್ಜಿಯ ಎಲೆಗೆ ಹುರಿಗಾಳು. ಹಿಂದಿನ ದಿನ ಚಿಕ್ಕಪ್ಪ ಅಪ್ಪನ ಮುಂದೆ ಬಂದು ನಿಂತ.

“ಅಣ್ಣ, ಒಂದು ಎಲೆ ಜಾಸ್ತಿ ಹಾಕಣ.”

ಅಪ್ಪನಿಗೆ ಅರ್ಥವಾಯಿತು. “ಸೂತಕ ಅಂದೆ, ಒಪ್ಕೊಂಡೆ. ಇದು ಹಿರಿಯರಿಗೆ ಇಡೋ ಎಡೆ ಕಣೋ. ಗುರುತು ಪರಿಚಯ ಇಲ್ದೋರನ್ನ ಅವರ ಪಕ್ಕ ಹೆಂಗೆ ಕೂರಿಸೋದು? ಅವನು ಏನ್ ತಿಂತಿದ್ದ ಅಂತಾನಾದ್ರೂ ಗೊತ್ತೇನೋ ನಿಂಗೆ?”

ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ದೊಡ್ಡಣ್ಣ ಎಷ್ಟು ಹೊತ್ತು ಕಾಯುತ್ತಾನೆ, ಯಾವ ಏಟಿಗೆ ಹಿಂದೆ ಸರಿಯುತ್ತಾನೆ, ಸೋಲುವಾಗ ಏನು ಮಾಡುತ್ತಾನೆ ಎಲ್ಲ ಗೊತ್ತಿತ್ತು. ಊಟ ಗೊತ್ತಿರಲಿಲ್ಲ. ಅವನು ಮುಳಬಾಗಿಲಿಗೆ ಫೋನ್ ಮಾಡಿದ, ಫ್ರಾನ್ಸಿಗೆ ಬರೆದ, ಬ್ರೆಜಿಲಿಗೆ ಬರೆದ. ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ಎಲೆಗಳನ್ನು ತೊಳೆದು ಹಾಕುವವರೆಗೂ ಅವನು ಮೊಬೈಲು ಹಿಡಿದು ಹುಳದ ಮನೆಯ ಕಲ್ಲಿನ ಮೇಲೆ ಕೂತೇ ಇದ್ದ. ಅವನ ಮುಖ ನೋಡಿ ನನಗೆ ಮೊದಲ ಸಲ ನಗು ಬರಲಿಲ್ಲ.

ಬಾಗಿಲಲ್ಲಿ ಬೈಕು ನಿಂತಿತು. ಟೈಲರ್ ಭಾಯಿ ಮುಳಬಾಗಿಲಿನಿಂದ ಬಂದಿದ್ದ. ಫ್ರಾನ್ಸಿನ ಹೆಂಗಸು ಹೇಗೋ ದೊಡ್ಡಣ್ಣನ ಮಗಳನ್ನು ಹುಡುಕಿ ಕೇಳಿದ್ದಳಂತೆ. ಉತ್ತರ ಬಂದ ಮೇಲೆ, ಚಿಕ್ಕಪ್ಪ ಹಿಡಿದು ಕೂತಿದ್ದ ಮೊಬೈಲಿನ ಚಾರ್ಜು ಮುಗಿದು ಫೋನು ಸಿಗದೆ, ಭಾಯಿ ಅದನ್ನು ಹೇಳಲೆಂದೇ ಅಷ್ಟು ದೂರ ಬಂದಿದ್ದ. ಅಜ್ಜಿಯ ಮುಂದೆ ಕೂತು ನಿಧಾನವಾಗಿ ಹೇಳಿದ.

“ಅಮ್ಮಾ, ಅವರಿಗೆ ಗೆಣಸು ಅಂದ್ರೆ ಪ್ರಾಣ ಅಂತೆ. ಸ್ಟೇಷನ್ ಮುಂದೆ ಗಾಡೀಲಿ ಮಾರ್ತಾರಂತೆ. ಡ್ಯೂಟಿ ಮುಗಿಸ್ಕೊಂಡು ದಿನಾ ಒಂದು ತಿಂತಿದ್ರಂತೆ.”

ಅಜ್ಜಿ ಎಲೆಅಡಿಕೆಯ ಚೀಲ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, “ಬೇಯಿಸಿದ್ದೋ, ಕೆಂಡದಾಗೆ ಸುಟ್ಟಿದ್ದೋ?”

“ಸುಟ್ಟಿದ್ದು, ಅಮ್ಮಾ.”

“ಹೋಗ್ರೋ, ಗೆಣಸು ಅಗೀರಿ,” ಎಂದರು ಅಜ್ಜಿ. ಅಪ್ಪನ ಕಡೆ ನೋಡಲೂ ಇಲ್ಲ. ಗಡ್ಡೆ ಇನ್ನೂ ಬೆರಳಿನಷ್ಟಿದೆ ಎಂದು ಗೊಣಗುತ್ತಲೇ ಅಪ್ಪ ಹಾರೆ ತೆಗೆದುಕೊಂಡು ಹೊರಟರು. ಅಜ್ಜಿ ತಾವೇ ಒಲೆಯ ಮುಂದೆ ಕೂತು ಗೆಣಸನ್ನು ಕೆಂಡದಲ್ಲಿ ಹೊರಳಿಸಿ ಸುಟ್ಟರು, ಸಿಪ್ಪೆ ಊದಿ ತಾತನ ಪಕ್ಕದ ಎಲೆಯ ಮೇಲೆ ಇಟ್ಟರು.

ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗಲಿ ಎಂದು. ನಿಂತೆವು. ಚಿಕ್ಕಪ್ಪ ಮುಚ್ಚಿದ ಬಾಗಿಲಿನ ಕಡೆ ತಿರುಗಿ ಮೂರು ಸಲ ಬಗ್ಗಿ ಮೂರು ಸಲ ಎದ್ದ. ಪಕ್ಕದಲ್ಲಿ ಟೈಲರ್ ಭಾಯಿಯೂ ಬಗ್ಗಿ ಎದ್ದ. ಆಗ ಅಜ್ಜಿ ಕೋಲನ್ನು ನನ್ನ ಕೈಗೆ ಕೊಟ್ಟರು. ಹತ್ತು ವರ್ಷದಿಂದ ದೇವರಿಗೂ ಬಗ್ಗದ ನಮ್ಮಜ್ಜಿ, ಮಗನ ಭುಜ ಹಿಡಿದುಕೊಂಡು, ಹಲ್ಲು ಕಚ್ಚಿ, ಬಗ್ಗಿದರು. ಎದ್ದರು. ಮತ್ತೆ ಬಗ್ಗಿದರು.

“ನೀನ್ ಯಾಕಮ್ಮ, ಮಂಡಿ ನೋವು,” ಎಂದ ಚಿಕ್ಕಪ್ಪ.

“ಅವನು ಮನೆ ನೋಡಿದ್ದಾನೇನೋ? ಹೊಸಬ,” ಎಂದರು ಅಜ್ಜಿ, ಮೂರನೆಯ ಸಲ ಬಗ್ಗುತ್ತ. “ನನ್ನ ನೋಡಿದ್ರೆ ಗುರುತು ಹಿಡೀತಾನೆ.”