ಮನೆಮನೆಗೆ ಮಾತ್ರೆ ಎಣಿಸಲು ಹೋದವಳು

ಜನ ಗುಟ್ಟಾಗಿ ಮಾಡುವುದನ್ನೆಲ್ಲ ಬಾಟಲಿಯಲ್ಲಿ ತುಂಬಿಸಿ ಕೊಡಿ ಎಂದು ಕೇಳಿಕೊಂಡು ಹಾಡಹಗಲಿನಲ್ಲಿ ಮನೆಮನೆ ತಿರುಗುವ ಕೆಲಸದಲ್ಲಿ ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಹೋಗುವ ಮೊದಲೇ ಅದು ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತಿರುತ್ತದೆ.

ನಾನು ತೆಕ್ಕಟ್ಟೆಯವಳು. ಅರವತ್ತರ ದಶಕದಲ್ಲಿ ಕುಂದಾಪುರದಲ್ಲಿ ಕ್ಷಯರೋಗದ ಕೆಲಸಕ್ಕೆ ಆರೋಗ್ಯ ಸಂದರ್ಶಕಿಯಾಗಿ ಸೇರಿದೆ. ಅದುವರೆಗೆ ಕ್ಷಯ ಎಂದರೆ ದೂರದ ಸ್ಯಾನಿಟೋರಿಯಂ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ. ಅಲ್ಲಿ ಜಾಗ ಸಿಕ್ಕದವರಿಗೆ ದೇವರೇ ಗತಿ. ಮನೆಯಲ್ಲೇ ಇದ್ದು, ಮನೆಯ ಗಂಜಿಯನ್ನೇ ಉಂಡು, ಒಂದು ವರ್ಷ ಬಿಡದೆ ಮಾತ್ರೆ ನುಂಗಿದರೂ ಗುಣವಾಗುತ್ತದೆ ಎಂದು ದೊಡ್ಡ ಊರುಗಳ ಡಾಕ್ಟರರು ಆಗಷ್ಟೇ ತೋರಿಸಿಕೊಟ್ಟಿದ್ದರು. ಅದು ನಮ್ಮ ಹಳ್ಳಿಗಳಲ್ಲೂ ನಡೆಯುತ್ತದೆಯೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಹಿಂಬಾಲಿಸಿ ಬರೆದಿಡುವುದು ನಮ್ಮ ಕೆಲಸ. ನಾವು ಎಂದರೆ ಒಬ್ಬರು ಡಾಕ್ಟರು ಮತ್ತು ನಾನು. ಹೇಳದೆ ಕೇಳದೆ ರೋಗಿಯ ಮನೆಗೆ ಹೋಗುವುದು, ಉಳಿದ ಮಾತ್ರೆ ಎಣಿಸುವುದು, ನುಂಗಿದ್ದು ಹೌದೋ ಅಲ್ಲವೋ ಎಂದು ಮೂತ್ರ ಪರೀಕ್ಷೆ ಮಾಡುವುದು, ಫಾರಂ ತುಂಬಿಸುವುದು ನನ್ನ ಪಾಲಿನದು. ಜನ ನನ್ನನ್ನು ‘ಮಾತ್ರಿ ಅಮ್ಮ’ ಎಂದು ಕರೆದರು. ಪದವಿ ಬಂದಷ್ಟೇ ಖುಷಿ ನನಗೆ.

ಇತ್ತೋ, ಇಲ್ಲವೋ

ನಮ್ಮ ಡಾಕ್ಟರರು, ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ಬಂದವರು. ಭಾರಿ ಶಿಸ್ತಿನ ಮನುಷ್ಯ. ಮೊದಲ ತಿಂಗಳು ನಾನು ಹಳ್ಳಿ ತಿರುಗುತ್ತಿದ್ದಾಗ ಆಸ್ಪತ್ರೆಯಲ್ಲಿ ಅವರೇ ಕೂತು ಒಬ್ಬೊಬ್ಬ ರೋಗಿಯನ್ನೂ ಪ್ರಶ್ನೆ ಕೇಳಿ ಬರೆದುಕೊಂಡರು.

“ಕೆಮ್ಮು ಇದೆಯಾ?”

“ಇತ್ತ್.”

“ಜ್ವರ?”

“ಅದೂ ಇತ್ತ್.”

“ಎದೆನೋವು?”

“ಭಾರೀ ಇತ್ತ್ ಸಾರ್!”

ಡಾಕ್ಟರರು “ಹೋದದ್ದು ಹೋಯಿತು ಬಿಡಿ” ಎಂದು ರೋಗಿಯ ಬೆನ್ನು ತಟ್ಟಿ ಸಮಾಧಾನ ಹೇಳಿ, ಫಾರಮ್ಮಿನಲ್ಲಿ ‘ಹಿಂದೆ ಇತ್ತು, ಈಗ ಇಲ್ಲ’ ಎಂದು ಬರೆದರು. ರೋಗಿ ಕೆಮ್ಮುತ್ತಲೇ ಎದ್ದು ಹೋದ.

ತಿಂಗಳ ವರದಿ ಮೇಲಿನ ಕಚೇರಿಗೆ ಹೋಯಿತು. ವಾರದಲ್ಲೇ ಕಾಗದ ಬಂತು: ನಿಮ್ಮಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ಎಲ್ಲರೂ ಗುಣವಾಗಿದ್ದಾರೆ, ಹೇಗೆ ಎಂದು ವಿವರಿಸಿ. ಡಾಕ್ಟರರು ಬೆವರು ಒರೆಸಿಕೊಳ್ಳುತ್ತ ಫಾರಮ್ಮುಗಳನ್ನು ನನ್ನ ಮುಂದೆ ಹರಡಿದರು. ಎರಡು ಹಾಳೆ ಓದುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ.

“ಸಾರ್, ನಮ್ಮ ಊರಲ್ಲಿ ‘ಇತ್ತ್’ ಅಂದ್ರೆ ಈಗ ಇದೆ ಅಂತ.”

“ಹಾಗಾದರೆ ಮುಂಚೆ ಇತ್ತು ಅನ್ನೋದಕ್ಕೆ?”

“ಇದ್ದಿತ್ತ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾರನೆಯ ದಿನದಿಂದ ಇಬ್ಬರೂ ಸೇರಿ ಎಲ್ಲರನ್ನೂ ಹೊಸದಾಗಿ ಕೇಳಲು ಹೊರಟೆವು. ಮೊದಲ ಮನೆ ಒಬ್ಬರು ನಿವೃತ್ತ ಮೇಷ್ಟ್ರದ್ದು. ಮೈಸೂರಿನ ಡಾಕ್ಟರು ಮನೆಗೇ ಬಂದಿದ್ದಾರೆ ಎಂಬ ಗೌರವಕ್ಕೆ ಮೇಷ್ಟ್ರು ಎದ್ದು ನಿಂತು, ಶುದ್ಧ ಪುಸ್ತಕದ ಕನ್ನಡದಲ್ಲಿ “ಕೆಮ್ಮು ಇತ್ತು” ಎಂದರು. ಡಾಕ್ಟರರು ನನ್ನ ಕಡೆ ತಿರುಗಿ, ಈಗ ನಾನು ಮೋಸಹೋಗುವವನಲ್ಲ ಎಂಬಂತೆ ನಕ್ಕು, ‘ಇದೆ’ ಎಂದು ಒತ್ತಿ ಬರೆದರು.

ಮೇಷ್ಟ್ರಿಗೆ ಕೆಮ್ಮು ನಿಂತು ವಾರವಾಗಿತ್ತು.

ಬಸ್ಸು ಬಾರದ ಕಾರಣ

ಬೈಂದೂರು ಕಡೆಯ ಒಬ್ಬ ಹೆಂಗಸು. ಮನೆಯಲ್ಲಿ ಗಡಿಯಾರ ಇಲ್ಲ. ದಿನಾ ಒಂದೇ ಹೊತ್ತಿಗೆ ಮಾತ್ರೆ ನುಂಗಬೇಕು ಎಂದರೆ ಹೇಗೆ? ಬೆಳಿಗ್ಗೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತದಲ್ಲ, ಆಗ ನುಂಗಿ ಎಂದು ನಾನೇ ಉಪಾಯ ಹೇಳಿಕೊಟ್ಟೆ. ಭಾರಿ ಬುದ್ಧಿವಂತಿಕೆ ಮಾಡಿದೆ ಎಂದು ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮುಂದಿನ ಸಲ ಹೋಗಿ ಎಣಿಸಿದರೆ ನಾಲ್ಕು ದಿನದ ಮಾತ್ರೆ ಉಳಿದಿದೆ.

“ಇದ್ ಎಂತಕ್ಕೆ ಉಳಿತ್?”

“ಬಸ್ಸೇ ಬರ್ಲಿಲ್ಲೆ ಅಲ್ದಾ ಅಮ್ಮ! ನಾನ್ ಮಾತ್ರಿ ಕೈಯಲ್ಲಿ ಹಿಡ್ಕಂಡ್, ಬಾಯಿಗ್ ನೀರ್ ಹಾಯ್ಕಂಡ್ ಕೂತದ್ದೇ ಬಂತ್.”

ಕೇಳಿದರೆ ಬಸ್ಸಿನ ಆಕ್ಸೆಲ್ ತುಂಡಾಗಿತ್ತಂತೆ. ಮಾತ್ರೆ ತಪ್ಪಿದ ಕಾರಣ ಎಂಬ ಕಡೆ ಸತ್ಯವನ್ನೇ ಬರೆದೆ. ಮೇಲಿನ ಕಚೇರಿಯಿಂದ ಮತ್ತೆ ಪ್ರಶ್ನೆ: ರೋಗಿಯೂ ಮನೆಯಲ್ಲಿ, ಮಾತ್ರೆಯೂ ಮನೆಯಲ್ಲಿ, ಬಸ್ಸು ಯಾರಿಗೆ?

ಬಸ್ಸಿನ ಸಹವಾಸವೇ ಬೇಡ ಎಂದು, ಬೆಳಿಗ್ಗೆ ಮನೆಯ ಹುಂಜ ಕೂಗಿದಾಗ ನುಂಗಿ ಎಂದು ಹೇಳಿ ಬಂದೆ. ಅದರ ಮುಂದಿನ ಸಲ ಎರಡು ದಿನದ ಮಾತ್ರೆ ಉಳಿದಿತ್ತು. ನಾನು ಬಾಯಿ ಬಿಡುವ ಮೊದಲೇ ಆಕೆ ತಲೆ ತಗ್ಗಿಸಿ ಹೇಳಿದಳು:

“ನೆಂಟ್ರ್ ಬಂದಿದ್ರ್ ಅಮ್ಮ. ಹುಂಜ ಸಾರಾಯ್ತ್.”

ಹೊಲಿಗೆ ಟೀಚರು

ಬ್ರಹ್ಮಾವರದ ಹತ್ತಿರ ಒಂದು ದೊಡ್ಡ ಬೇಸಾಯದ ಮನೆ. ಆ ಮನೆಯ ಮಗಳಿಗೆ ಇಪ್ಪತ್ತು ವರ್ಷ. ಕಫದಲ್ಲಿ ಕ್ಷಯ ಸಿಕ್ಕಿತು. ಸುದ್ದಿ ಹೊರಗೆ ಬಿದ್ದರೆ ಅವಳಿಗಿರಲಿ, ಅವಳ ತಂಗಿಗೂ ಗಂಡು ಸಿಕ್ಕುವುದಿಲ್ಲ ಎಂದು ತಾಯಿಗೆ ನಿದ್ದೆಯಿಲ್ಲ. ನಾನು ಮೊದಲ ಸಲ ಹೋದಾಗ ಆಕೆ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು.

“ಅಮ್ಮ, ತಪ್ಪ್ ತಿಳಿಬೇಡಿ. ನೀವ್ ಹೊಲಿಗಿ ಟೀಚ್ರ್ ಅಂದೇಳಿ ಆಚೀಚೆ ಮನಿಯವ್ರಿಗ್ ಹೇಳಿದೆ.”

ನೋಡಿದರೆ ನಡುಮನೆಯಲ್ಲಿ ಹೊಸ ಹೊಲಿಗೆ ಯಂತ್ರ ಬಂದು ಕೂತಿದೆ! ನನಗೋ ಹರಿದ ಸೆರಗಿಗೆ ಪಿನ್ನು ಚುಚ್ಚುವುದರಾಚೆ ಹೊಲಿಗೆಯ ಗಂಧವಿಲ್ಲ. ಆದರೆ ಹುಡುಗಿಯ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಹೋದಾಗಲೆಲ್ಲ ಕಾಲು ಗಂಟೆ ಬಟ್ಟೆಯೂ ಇಲ್ಲದೆ, ದಾರವೂ ಇಲ್ಲದೆ ಗಡಗಡ ಯಂತ್ರ ತುಳಿಯುತ್ತಿದ್ದೆ. ಆ ಸದ್ದಿನ ಮರೆಯಲ್ಲಿ ಹುಡುಗಿ ನನಗೆ ಮಾತ್ರೆ ಎಣಿಸಿ ತೋರಿಸುತ್ತಿದ್ದಳು, ಎದೆಯ ನೋವು ಹೇಳಿಕೊಳ್ಳುತ್ತಿದ್ದಳು. ಎಕ್ಸ್-ರೇಗೆ ಕುಂದಾಪುರಕ್ಕೆ ಬರುವ ದಿನ ‘ನೂಲು ತರಲು ಹೋಗುವುದು’ ಎಂದು ಹೆಸರು. ಆ ಮಾತ್ರೆಗಳು ಸಣ್ಣವೂ ಅಲ್ಲ, ರುಚಿಯೂ ಇಲ್ಲ. ನುಂಗಿದ ಮೇಲೆ ಹೊಟ್ಟೆ ತೊಳಸುತ್ತಿತ್ತು. ಆದರೂ ಆ ಹೆಣ್ಣು ಒಂದು ದಿನ ತಪ್ಪಿಸಲಿಲ್ಲ.

ವರ್ಷ ತುಂಬಿತು. ಡಾಕ್ಟರರು ಕೊನೆಯ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೆಯದನ್ನು ಪಕ್ಕಕ್ಕೆ ಹಿಡಿದು, “ನೀನೇ ನೋಡಮ್ಮ” ಎಂದರು. ಮೊದಲನೆಯದರಲ್ಲಿ ಮೋಡ ಕವಿದಂತಿದ್ದ ಜಾಗ ಎರಡನೆಯದರಲ್ಲಿ ತಿಳಿಯಾಗಿತ್ತು. ಹುಡುಗಿ ಅಳುತ್ತ ನಕ್ಕಳು. ಮುಂದೆ ಮದುವೆ ಮಾತು ಬಂದಾಗ ತಾಯಿ ಬೇಡವೆಂದರೂ ಹುಡುಗನಿಗೆ ತಾನೇ ಎಲ್ಲ ಹೇಳಿದಳಂತೆ. “ಗುಣ ಆಯ್ತಲ್ದಾ, ಮತ್ತೆಂತ?” ಎಂದನಂತೆ ಅವನು. ಅವಳ ಧೈರ್ಯ ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ನಾನು ಕೊನೆಯ ಸಲ ಆ ಮನೆಯಿಂದ ಗೆದ್ದ ಸೇನಾಪತಿಯಂತೆ ಹೊರಗೆ ಬಂದೆ. ಪಕ್ಕದ ಮನೆಯ ಹೆಂಗಸು ಬೇಲಿಯ ದಣಪೆಯ ಹತ್ತಿರ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದಳು.

“ಹ್ವಾಯ್ ಟೀಚ್ರೆ, ಒಂದ್ ವರ್ಷ ಕಲ್ಸಿರೂ ಆ ಹೆಣ್ಣಿಗ್ ಒಂದ್ ರವ್ಕಿಗ್ ಬಟನ್ ಹಾಕೂಕೆ ಬತ್ತಿಲ್ಲೆ! ನಿಮ್ಗ್ ಕೆಲ್ಸ ಕೊಟ್ಟವ್ರ್ ಯಾರ್?”

ಬಣ್ಣ ಬಂದ ಬಾಟಲಿ

ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದು, ಕಾಯಿಲೆ ಬಿದ್ದು ಊರಿಗೆ ಬಂದ ಒಬ್ಬ ಆಸಾಮಿ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, “ಬರಾಬರ್ ತಿಂತೆ ಬಾಯಿಸಾಬ್, ಏಕ್‌ದಮ್ ಬರಾಬರ್” ಎನ್ನುತ್ತಿದ್ದ. ಎಣಿಸಿದರೆ ಮಾತ್ರೆ ಸರಿಯಾಗಿ ಖರ್ಚಾಗಿದೆ. ಮೂತ್ರಕ್ಕೆ ಎರಡು ತೊಟ್ಟು ದ್ರಾವಣ ಹಾಕಿದರೆ, ಮಾತ್ರೆ ನುಂಗಿದವರಿಗೆ ಬರಬೇಕಾದ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಕಾಯಿಲೆ ಮಾತ್ರ ಒಂಚೂರೂ ಜಗ್ಗಲಿಲ್ಲ. ಮೈ ಇಳಿಯುತ್ತಲೇ ಹೋಯಿತು. ಈ ಮಾತ್ರೆ ಇವನ ಮೇಲೆ ಕೆಲಸ ಮಾಡುವುದಿಲ್ಲವೇನೋ ಎಂದು ಡಾಕ್ಟರರು ಚಿಂತೆಗೆ ಬಿದ್ದರು. ನನಗೂ ಹೆದರಿಕೆಯಾಯಿತು. ಪ್ರಾಯದ ಮನುಷ್ಯ, ಕಣ್ಣೆದುರೇ ಹೋಗುತ್ತಿದ್ದಾನೆ.

ಒಂದು ದಿನ ಬೆಳಿಗ್ಗೆ ಹೋದೆ, ಬಾಟಲಿ ಕೊಟ್ಟೆ. ಮಾಮೂಲಿನಂತೆ ಹಿತ್ತಲಿಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಹಿತ್ತಲಿನಿಂದ ಅವನ ಮುದಿ ತಾಯಿಯ ದನಿ ಕೇಳಿತು:

“ಈಗಷ್ಟೇ ಹೋಯ್ ಬಂದೆ ಮಗ! ಮತ್ತೆ ಮತ್ತೆ ಕೇಂಡ್ರೆ ನಾನ್ ಎಲ್ಲಿಂದ ತರುದ್?”

ನಾನು ಎದ್ದು ಹಿತ್ತಲಿಗೇ ನಡೆದೆ. ಬಾಟಲಿ ಅಜ್ಜಿಯ ಕೈಯಲ್ಲಿತ್ತು. ಮಗ ಬಾವಿಕಟ್ಟೆಯ ಹಿಂದೆ ಅಡಗಲು ಹೋಗಿ ಬಿಂದಿಗೆಗೆ ಎಡವಿ ಕೂತ. ವಾಂತಿ ಬಂದಂತಾಗುತ್ತದೆ ಎಂದು ಅವನು ಒಂದು ಮಾತ್ರೆಯನ್ನೂ ನುಂಗದೆ ದಿನಾ ಮಾಡಿನ ಹುಲ್ಲಿನ ಸಂದಿಗೆ ತುರುಕುತ್ತಿದ್ದನಂತೆ.

“ಹಾಗಾದ್ರೆ ಬಣ್ಣ ಹೇಗೆ ಬಂತು?” ಎಂದು ನಾನು ಬಾಯಿ ಬಿಟ್ಟೆ. ಅಜ್ಜಿ ಸೆರಗು ಸರಿಮಾಡಿಕೊಂಡು ಸಮಾಧಾನದಲ್ಲಿ ಹೇಳಿದಳು:

“ಸರ್ಕಾರದವ್ರ್ ಅಷ್ಟ್ ದೂರದಿಂದ ತಂದ್ ಕೊಟ್ಟದ್ದಲ್ದಾ? ದಂಡ ಆಪುದ್ ಎಂತಕ್ಕೆ ಅಂದೇಳಿ ನಾನೇ ಹೆಕ್ಕಿ ನುಂಗ್ದೆ. ಮಂಡಿನೋವ್ ಕಡ್ಮಿ ಆಯ್ತ್ ಕಾಣಿ!”

ನಾನು ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಕಲ್ಲುಗುಂಡಿನ ಹಾಗಿದ್ದಳು. ಮಗನನ್ನು ಕೂರಿಸಿಕೊಂಡು ಡಾಕ್ಟರರು ಒಂದು ಮಾತೂ ಬೈಯಲಿಲ್ಲ. ಗಂಜಿ ಉಂಡ ಮೇಲೆ ನುಂಗು, ವಾಂತಿ ಕಡಿಮೆಯಾಗುತ್ತದೆ ಎಂದರು. ಅಂದಿನಿಂದ ಅಜ್ಜಿಯೇ ಎದುರು ಕೂತು, ಮಗ ನುಂಗಿ ಬಾಯಿ ತೆರೆದು ತೋರಿಸುವವರೆಗೆ ಏಳುತ್ತಿರಲಿಲ್ಲ. ಅವನು ದಪ್ಪಗಾಗಿ ಮತ್ತೆ ಬೊಂಬಾಯಿಗೆ ಹೋದ. ಹಳೆಯ ತಿಂಗಳುಗಳ ಲೆಕ್ಕವನ್ನು ತಿದ್ದಬೇಕಲ್ಲ, ಡಾಕ್ಟರರು ರಿಜಿಸ್ಟರಿನಲ್ಲಿ ನೀಟಾಗಿ ಬರೆದರು:

‘ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದ್ದಾರೆ. ಸೇವಿಸಿದವರು: ತಾಯಿ.’

ಮರದ ತುದಿಯ ರೋಗಿ

ಮರವಂತೆಯ ಹೊಳೆಯ ನಡುವಿನ ಕುದ್ರುವಿನಲ್ಲಿ ತೆಂಗಿನಮರ ಹತ್ತುವ ಒಬ್ಬನಿದ್ದ. ಮೊದಲ ಸಲ ಅವನನ್ನು ದೋಣಿಯಲ್ಲಿ ಮಲಗಿಸಿ, ಆಮೇಲೆ ಇಬ್ಬರು ಎತ್ತಿಕೊಂಡು ಆಸ್ಪತ್ರೆಗೆ ತಂದಿದ್ದರು. ಕೆಮ್ಮಿದರೆ ರಕ್ತ. ಇನ್ನು ಜನ್ಮದಲ್ಲಿ ಮರ ಹತ್ತುವ ಆಸೆ ಬಿಡು ಎಂದು ಊರವರೆಲ್ಲ ಹೇಳಿ ಮುಗಿಸಿದ್ದರು. “ಮರ ಹತ್ತದೆ ನಾನ್ ಇದ್ದ್ ಎಂತ ಮಾಡುದ್?” ಎಂದು ಅವನು ನನ್ನನ್ನು ಕೇಳಿದ್ದ. ನನ್ನ ಹತ್ತಿರ ಇದ್ದದ್ದು ಮಾತ್ರೆ. ಅದನ್ನೇ ಕೊಟ್ಟೆ. ವರ್ಷವಿಡೀ ಯಾವಾಗ ಎಣಿಸಿದರೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ವರ್ಷದ ಕೊನೆಗೆ ಕಫದಲ್ಲಿ ರೋಗಾಣುವಿನ ಸುಳಿವಿರಲಿಲ್ಲ.

ಅದೇ ಹೊತ್ತಿಗೆ ದೂರದ ದೊಡ್ಡ ಊರಿನಿಂದ ಒಬ್ಬರು ತಜ್ಞರು ಬಂದರು. ಆಯುಷ್ಯವೆಲ್ಲ ಸ್ಯಾನಿಟೋರಿಯಂನಲ್ಲಿ ಕಳೆದವರು. ಗುಡಿಸಲಿನಲ್ಲಿದ್ದುಕೊಂಡು ಕ್ಷಯ ಗುಣವಾಗುತ್ತದೆ ಎಂದರೆ ಕಾಗದದಲ್ಲಿ ನಂಬುವುದಿಲ್ಲ, ಕಣ್ಣಾರೆ ನೋಡಬೇಕು ಎಂದರು. ಸ್ಥೂಲ ಶರೀರ, ಬಾಯಲ್ಲಿ ಆರದ ಸಿಗರೇಟು. ದೋಣಿ ಇಳಿದು, ಕೆಸರು ತುಳಿದು, ದಡ ಹತ್ತಿ ಕುದ್ರುವಿನ ಮನೆಯ ಜಗಲಿ ಸೇರುವಷ್ಟರಲ್ಲಿ ಅವರ ಉಸಿರು ಕಮ್ಮಾರನ ತಿದಿಯಾಗಿತ್ತು.

ಅವರು ಇಂಗ್ಲಿಷಿನಲ್ಲಿ ಕೇಳಿದರು, ಡಾಕ್ಟರರು ಮೈಸೂರು ಕನ್ನಡಕ್ಕೆ ತಂದರು, ನಾನು ಊರ ಮಾತಿಗಿಳಿಸಿದೆ: “ಹಗುರ ಕೆಲ್ಸ ಎಂತಾರೂ ಮಾಡೂಕೆ ಆತ್ತಾ ಕೇಂತ್ರ್.”

ಅವನು ತಜ್ಞರ ಮುಖವನ್ನೇ ನೋಡಿದ. “ಅವ್ರಿಗ್ ಬಾಯಾರಿತ್ ಕಾಂತ್” ಎಂದವನೇ ಕಾಲಿಗೆ ಬಳ್ಳಿ ಸಿಕ್ಕಿಸಿಕೊಂಡು ಅಂಗಳದ ಮರ ಹತ್ತಿಬಿಟ್ಟ! ತಜ್ಞರು ಎದ್ದು ನಿಂತು, ಇಳಿಸಿ ಅವನನ್ನು, ಇಳಿಸಿ ಎಂದು ಕೂಗುವಷ್ಟರಲ್ಲಿ ಧಡ್ ಧಡ್ ಎಂದು ಮೂರು ಎಳನೀರಿನ ಬೊಂಡ ಬಿತ್ತು. ಇಳಿದು ಬಂದು ಎರಡೇ ಏಟಿಗೆ ಕೆತ್ತಿ ಕೈಗೆ ಕೊಟ್ಟ. ಅವನಿಗೆ ಏದುಸಿರೂ ಇಲ್ಲ. ನನ್ನ ಕಣ್ಣು ಮಂಜಾಯಿತು.

ತಜ್ಞರು ಸ್ಟೆತೊಸ್ಕೋಪು ತೆಗೆದು ಅವನ ಎದೆ, ಬೆನ್ನು, ಪಕ್ಕೆ ಎಲ್ಲ ಕಡೆ ಇಟ್ಟು ಕೇಳಿದರು. ಏನೂ ಸಿಕ್ಕಲಿಲ್ಲ. ಕಿವಿಯಿಂದ ಅದನ್ನು ಇಳಿಸುವಾಗ ಸ್ವತಃ ಅವರಿಗೇ ಕೆಮ್ಮು ಹತ್ತಿಕೊಂಡಿತು. ನಿಲ್ಲದ ಕೆಮ್ಮು. ಕಣ್ಣಲ್ಲಿ ನೀರು.

ನಮ್ಮ ಮರ ಹತ್ತುವವನು ಗಾಬರಿಯಾಗಿ ನನ್ನನ್ನು ಕೇಳಿದ: “ಈ ಕೆಮ್ಮ್ ಹತ್ತಿ ಎಷ್ಟ್ ದಿನ ಆಯ್ತಂಬ್ರ್?”

ನಾನು ಡಾಕ್ಟರರಿಂದ ಕೇಳಿಸಿದೆ. ಬಹಳ ವರ್ಷವಾಯಿತು ಎಂದರು ತಜ್ಞರು.

ಅವನು ಹೆಂಡತಿಯ ಮುಖ ನೋಡಿದ. ಅವಳು ಸರಕ್ಕನೆ ಒಳಗೆ ಹೋಗಿ, ಕಫ ಪರೀಕ್ಷೆಗೆಂದು ನಾವು ಕೊಟ್ಟಿದ್ದ ಮುಚ್ಚಳದ ಡಬ್ಬಿಗಳಲ್ಲಿ ಉಳಿದಿದ್ದ ಒಂದು ಹೊಸದನ್ನು ತಂದು ತಜ್ಞರ ಕೈಯಲ್ಲಿಟ್ಟಳು.

“ನಾಳೆ ಬೆಳಿಗ್ಗೆ ಎದ್ದ್ ಕೂಡ್ಲೆ ಬಾಯಿ ಮುಕ್ಕಳ್ಸಿ, ಒಳ್ಗಿಂದ ಕೆಮ್ಮಿ ಉಗುಳ್ಕ್. ಬರೀ ಎಂಜ್ಲ್ ಉಗುಳ್ರೆ ಆತಿಲ್ಲೆ. ನಾಚ್ಕಿ ಮಾಡ್ಬೇಡಿ.”

ನಮ್ಮ ಡಾಕ್ಟರರು ಹೊಳೆಯ ಕಡೆ ತಿರುಗಿ ನಿಂತರು. ಅವರ ಹೆಗಲು ಕುಲುಕುತ್ತಿತ್ತು. ಅನುವಾದಕ್ಕೆ ಉಳಿದವಳು ನಾನೊಬ್ಬಳೇ. ನನಗೆ ಬರುವ ಹರಕು ಇಂಗ್ಲಿಷಿನಲ್ಲಿ, ಎಂಜಲಿನ ಮಾತನ್ನೂ ಬಿಡದೆ, ಅಕ್ಷರ ಅಕ್ಷರ ಹೇಳಿದೆ. ತಜ್ಞರು ಡಬ್ಬಿಯನ್ನು ತಿರುಗಿಸಿ ನೋಡಿ, ಸಿಗರೇಟನ್ನು ಕೆಸರಿಗೆ ಎಸೆದು, ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಅವರ ಮುಖ ಸಪ್ಪಗಾದದ್ದು ಕಂಡು ನಮ್ಮವನಿಗೆ ಮರುಕ ಹುಟ್ಟಿತು. ಹತ್ತಿರ ಬಂದು, ಅವರ ಹೆಗಲ ಮೇಲೆ ಕೈಯಿಟ್ಟ.

“ಹೆದ್ರಿಕೊಳ್ಬೇಡಿ ಒಡ್ಯಾ. ಅಪ್ಪಿತಪ್ಪಿ ಅದೇ ಸೀಕ್ ಆದ್ರೂ ಆಸ್ಪತ್ರಿಯಲ್ಲಿ ಬಿದ್ಕಂಬ್ದೆಲ್ಲ ಈಗ ಬ್ಯಾಡ. ಮನಿಯಲ್ಲೇ ಗುಣ ಆತ್ತ್!”